ಕಂಬಳಿ ವ್ಯಾಪಾರಿಯ ಬಂಗಾರದ ಮೀನು

"ಬುದ್ಧಿ, ಅವಳಿಗೆ ಇನ್ನೇನು ಕೊಡಲಿ?" ಎಂದು ಶಿವಮಲ್ಲ ಗುರುಗಳನ್ನು ಕೇಳಿದ.

ಕೇಳಿದ್ದು ತಂಗಿ ದೇವೀರಮ್ಮನ ವಿಷಯ. ಗಂಡ ತೀರಿಕೊಂಡ ಮೇಲೆ ಅವಳು ತನ್ನೂರಿನ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದಳು. ಹೋದ ವರ್ಷ ಶಿವಮಲ್ಲ ಅವಳನ್ನು ತನ್ನ ಮನೆಗೆ ಕರೆತಂದ. ಈಗ ಅವಳು ಊಟ ಬಿಟ್ಟಿದ್ದಳು. ಡಾಕ್ಟರು ನೋಡಿ, ರೋಗವೇನೂ ಕಾಣುವುದಿಲ್ಲ, ಆದರೆ ಹೀಗೇ ಮುಂದುವರಿದರೆ ಉಳಿಯುವುದು ಕಷ್ಟ ಎಂದಿದ್ದರು.

"ಇಲ್ಲಿಯವರೆಗೆ ಏನೇನು ಕೊಟ್ಟೆ?"

"ಏನು ಕೊಟ್ಟಿಲ್ಲ ಅಂತ ಕೇಳಿ ಬುದ್ಧಿ. ನಸುಕಿನ ಚಳಿಯಲ್ಲಿ ಹೂವಿನ ಬುಟ್ಟಿ ಹೊರುವ ಕಷ್ಟ ತಪ್ಪಿಸಿದೆ. ಕೋಣೆ ಕೊಟ್ಟೆ, ಮೆತ್ತನೆ ಹಾಸಿಗೆ ಕೊಟ್ಟೆ. ಒಂದು ಲೋಟ ತೊಳೆಯಲೂ ಬಿಡುವುದಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಹಾಲೋ ಹಣ್ಣೋ ಎದುರಿಗಿರುತ್ತದೆ. ನನ್ನ ಹೆಂಡತಿಯೇ ಆಡಿಕೊಳ್ಳುತ್ತಾಳೆ, ಮುಂದಿನ ಜನ್ಮದಲ್ಲಿ ನಿಮ್ಮ ತಂಗಿಯಾಗಿಯೇ ಹುಟ್ಟುತ್ತೇನೆ ಅಂತ."

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಒಂದೂರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿಯಿದ್ದ. ಅವನಿಗೆ ಮಕ್ಕಳಿರಲಿಲ್ಲ. ಮನೆಗೆ ಅಂಟಿಕೊಂಡ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಎರಡು ಬಂಗಾರದ ಮೀನು ಸಾಕಿದ್ದ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವುಗಳ ಎದುರು ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅವನ ದಿನದ ಮಾತುಗಳಲ್ಲಿ ಅರ್ಧ ಆ ಮೀನುಗಳೊಡನೆಯೇ ಆಗುತ್ತಿತ್ತು.

ಒಮ್ಮೆ ಪೇಟೆಗೆ ಹೋದವನು ಏಂಜಲ್ ಮೀನುಗಳನ್ನೂ ಅವಕ್ಕೊಂದು ಬೇರೆ ತೊಟ್ಟಿಯನ್ನೂ ಕೊಂಡ. ಮಾರುವವನು ಜೊತೆಗೆ ಒಂದು ಹೀಟರ್ ಕೊಟ್ಟ. "ಇವು ಸೆಕೆ ನಾಡಿನ ಮೀನು. ನೀರು ಯಾವಾಗಲೂ ಇಪ್ಪತ್ತಾರು ಡಿಗ್ರಿಯಷ್ಟಿರಬೇಕು. ಅಷ್ಟಕ್ಕೆ ಗುರುತಿಟ್ಟರೆ ಹೀಟರ್ ತಾನೇ ಹೊತ್ತುತ್ತದೆ, ತಾನೇ ಆರುತ್ತದೆ" ಎಂದ.

"ಮನೆಯಲ್ಲಿ ಬಂಗಾರದ ಮೀನೂ ಇವೆಯಲ್ಲ, ಅವಕ್ಕೆ?"

"ಅವಕ್ಕೆ ಏನೂ ಬೇಡ. ಅವು ತಣ್ಣೀರಿನವು."

ವ್ಯಾಪಾರಿ ತಲೆಯಾಡಿಸಿದ, ಆದರೆ ನಂಬಲಿಲ್ಲ. ಅವನ ಅಂಗಡಿಯ ಮೆಟ್ಟಿಲು ಹತ್ತುವವರೆಲ್ಲ ಮೊದಲು ಹೇಳುವ ಮಾತು ಅದೇ: ಏನೂ ಬೇಡ, ಸುಮ್ಮನೆ ನೋಡೋಣ ಅಂತ ಬಂದೆ. ಹಾಗೆ ಹೇಳಿದವರೇ ಕಂಬಳಿ ಹೊತ್ತು ಇಳಿಯುತ್ತಿದ್ದರು. 'ಬೇಡ' ಎನ್ನುವುದನ್ನು ಕಿವಿಗೆ ಹಾಕಿಕೊಳ್ಳದೆ ಇರುವುದೇ ವ್ಯಾಪಾರ ಎಂದು ಅವನು ಕಲಿತಿದ್ದ.

ಮಾಗಿಯ ಚಳಿ ಬಂತು. ಹೀಟರ್ ಇದ್ದ ತೊಟ್ಟಿಯಲ್ಲಿ ಏಂಜಲ್ ಮೀನುಗಳು ಆಡಿಕೊಂಡಿದ್ದವು. ಬಂಗಾರದ ಮೀನುಗಳು ತಳದಲ್ಲಿ ನಿಧಾನವಾಗಿ ಸುಳಿಯುತ್ತಿದ್ದವು. ತಣ್ಣೀರಿನ ಮೀನು ಚಳಿಗಾಲದಲ್ಲಿ ನಿಧಾನವಾಗುವುದು ಸಹಜ. ಅದು ಅದರ ವಿಶ್ರಾಂತಿ. ವ್ಯಾಪಾರಿಗೆ ಅದು ಸಂಕಟದಂತೆ ಕಂಡಿತು.

ಅದೇ ವಾರ ಕಂಬಳಿ ಕೊಳ್ಳಲು ಬಂದ ಮುದುಕಿಯೊಬ್ಬಳು ಎರಡೂ ತೊಟ್ಟಿಗಳನ್ನು ನೋಡಿದಳು. "ಏನ್ ಸಾವ್ಕಾರ್ರೇ, ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವಾ? ಊರಿಗೆಲ್ಲ ಕಂಬಳಿ ಹೊದಿಸ್ತೀರಿ, ಮನೆ ಮೀನನ್ನ ನಡುಗಿಸ್ತೀರಿ!" ಎಂದಳು.

ಅವಳು ನಕ್ಕು ಮರೆತಳು. ಅವನಿಗೆ ಮರೆಯಲಾಗಲಿಲ್ಲ. ಅಂದೇ ಇನ್ನೊಂದು ಹೀಟರ್ ತರಿಸಿ ಬಂಗಾರದ ಮೀನುಗಳ ತೊಟ್ಟಿಗೆ ಇಳಿಸಿದ. ಎರಡಕ್ಕೂ ಒಂದೇ ಗುರುತು ಇಟ್ಟ. ಈಗ ಪಕ್ಷಪಾತವಿಲ್ಲ ಎಂದು ಅವನಿಗೆ ನೆಮ್ಮದಿಯಾಯಿತು.

ನೀರು ಬೆಚ್ಚಗಾದಂತೆ ಬಂಗಾರದ ಮೀನುಗಳು ಚುರುಕಾದವು. ಹಾಕಿದ್ದನ್ನೆಲ್ಲ ತಿಂದವು. ವ್ಯಾಪಾರಿ ಹಿಗ್ಗಿದ. ಬೆಚ್ಚನೆಯ ನೀರಿನಲ್ಲಿ ಮೀನಿನ ಓಡಾಟ ಹೆಚ್ಚುತ್ತದೆ, ಹಸಿವು ಹೆಚ್ಚುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಬೇಕಾದ ಉಸಿರೂ ಹೆಚ್ಚುತ್ತದೆ, ಆದರೆ ಬೆಚ್ಚಗಾದಷ್ಟೂ ನೀರು ತನ್ನೊಳಗೆ ಗಾಳಿಯನ್ನು ಕಡಿಮೆ ಹಿಡಿಯುತ್ತದೆ. ಇದು ಕಾಣುವುದಿಲ್ಲ.

ಕೆಲವು ದಿನ ಕಳೆದವು. ಬಂಗಾರದ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು.

"ನೋಡಿಲ್ಲಿ, ನನ್ನನ್ನು ಕಂಡರೆ ಮೇಲೆ ಬಂದು ಬಾಯಿ ತೆರೀತವೆ!" ಎಂದು ಅವನು ಹೆಂಡತಿಯನ್ನು ಕರೆದ.

"ನನ್ನನ್ನು ಕಂಡರೂ ತೆರೀತವೆ. ಗೋಡೆ ಕಂಡರೂ ತೆರೀತವೆ" ಎಂದಳು ಅವಳು.

"ನಿನಗೆ ಮೊದಲಿಂದಲೂ ಅವುಗಳ ಮೇಲೆ ಹೊಟ್ಟೆಕಿಚ್ಚು."

ಅವು ಬಾಯಿ ತೆರೆದಾಗಲೆಲ್ಲ ಅವನು ಊಟ ಹಾಕಿದ. ತಿಂದು ಉಳಿದದ್ದು ತಳಕ್ಕೆ ಇಳಿದು ಕೊಳೆಯಿತು. ನೀರು ಮಬ್ಬಾಯಿತು. ಕೊಳೆತ ನೀರಿನಲ್ಲಿ ಉಸಿರು ಇನ್ನೂ ಕಡಿಮೆ. ಮೀನುಗಳು ಇನ್ನೂ ಹೆಚ್ಚು ಬಾಯಿ ತೆರೆದವು. ಅವನು ಇನ್ನೂ ಹೆಚ್ಚು ಹಾಕಿದ.

ಒಂದು ಬೆಳಿಗ್ಗೆ ಎರಡರಲ್ಲೊಂದು ಸತ್ತು ತೇಲುತ್ತಿತ್ತು.

ವ್ಯಾಪಾರಿ ಅಂಗಡಿ ತೆರೆಯಲಿಲ್ಲ. ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡ. ಆ ಕಾದ ಕೈಯನ್ನೇ ತೊಟ್ಟಿಗೆ ಅದ್ದಿ ನೋಡಿದ. ಆ ಕೈಗೆ ನೀರು ತಣ್ಣಗೆನಿಸಿತು. "ಚಳಿಯಿಂದಲೇ ಸತ್ತಿದೆ. ಇದೊಂದನ್ನಾದರೂ ಉಳಿಸಿಕೊಳ್ಳಬೇಕು" ಎಂದು ಹೀಟರಿನ ಗುರುತನ್ನು ಮೇಲಕ್ಕೆ ತಿರುಗಿಸಿದ.

ಉಳಿದ ಮೀನು ಹಗಲಿಡೀ ನೀರಿನ ಮೇಲೆಯೇ ಇತ್ತು.

ಮರುದಿನ ಗಾಳಿಗೆ ಮರ ಬಿದ್ದು ಊರಿನ ಕರೆಂಟು ಹೋಯಿತು. ಎರಡೂ ಹೀಟರುಗಳ ಕೆಂಪು ದೀಪ ಆರಿತು. ಸ್ವಲ್ಪ ಹೊತ್ತಿಗೆ ಏಂಜಲ್ ಮೀನುಗಳು ರೆಕ್ಕೆ ಮಡಚಿಕೊಂಡು ಒಂದು ಮೂಲೆ ಸೇರಿದವು. ವ್ಯಾಪಾರಿ ಗಾಬರಿಯಾದ. ಮಾರಾಟಕ್ಕಿಟ್ಟ ದಪ್ಪ ಕಂಬಳಿಯನ್ನೇ ತೆಗೆದು ಆ ತೊಟ್ಟಿಗೆ ಸುತ್ತಿದ. ಹೆಂಡತಿ ನೀರು ಕಾಯಿಸಿ ಬಾಟಲಿಗೆ ತುಂಬಿ ಕೊಟ್ಟಳು. ಅದನ್ನು ತೊಟ್ಟಿಯಲ್ಲಿ ತೇಲಿಬಿಟ್ಟ. ಆರಿದ ಹಾಗೆ ಬದಲಾಯಿಸಿದ. ಆ ಮೀನುಗಳಿಗೆ ಬೇಕಾದದ್ದು ಅದೇ. ಅವು ಉಳಿದವು.

ಈ ಗಡಿಬಿಡಿಯಲ್ಲಿ ಬಂಗಾರದ ಮೀನಿಗೆ ಊಟ ಹಾಕಲು ಯಾರಿಗೂ ನೆನಪಾಗಲಿಲ್ಲ. ಅದರ ನೀರು ತನ್ನ ಪಾಡಿಗೆ ತಾನು ಆರುತ್ತಿತ್ತು.

ಸಂಜೆ ಅವನಿಗೆ ನೆನಪಾಯಿತು. ಇನ್ನೊಂದು ಕಂಬಳಿ ಹಿಡಿದು ಓಡಿಬಂದ. ನೀರಿನ ಮೇಲೆ ಮೀನು ಇರಲಿಲ್ಲ. ಹೋಯಿತು ಎಂದುಕೊಂಡು ಬಗ್ಗಿ ನೋಡಿದ. ಮೀನು ತಳದಲ್ಲಿತ್ತು. ನಿಧಾನವಾಗಿ ಸುಳಿಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಅದು ಬಾಯಿ ಬಾಯಿ ಬಿಡುವುದು ನಿಂತಿತ್ತು.

ಅವನು ಕಂಬಳಿ ಹಿಡಿದು ನಿಂತೇ ಇದ್ದ.

"ಹೊದಿಸೋದಿಲ್ವೇ?" ಎಂದಳು ಹೆಂಡತಿ.

ಅಷ್ಟರಲ್ಲಿ ಕರೆಂಟು ಬಂತು. ಎರಡೂ ಕೆಂಪು ದೀಪ ಹೊತ್ತಿದವು. ಅವನು ಕಂಬಳಿಯನ್ನು ಕೆಳಗಿಟ್ಟು ಒಂದು ದೀಪವನ್ನು ಆರಿಸಿದ.

ಕತೆ ಅಲ್ಲಿಗೆ ನಿಂತಿತು. ಶಿವಮಲ್ಲನಿಗೆ ಸಿಟ್ಟು ಬಂದಿತ್ತು.

"ಎಂಥ ಮನುಷ್ಯ ಬುದ್ಧಿ ಅವನು! ಎದುರಿಗೇ ಕೂತಿರುತ್ತಿದ್ದನಲ್ಲ. ಅದು ಯಾಕೆ ಬಾಯಿ ತೆರೆಯುತ್ತಿದೆ ಅಂತ ಒಂದು ಸಲವಾದರೂ ವಿಚಾರ ಮಾಡಬಾರದಿತ್ತೇ?"

ಗುರುಗಳು ಕೇಳಿದರು: "ದೇವೀರಮ್ಮ ಕಡೆಯ ಸಲ ಬಾಯಿ ತೆರೆದಾಗ ಏನು ಹೇಳಲು ಹೊರಟಿದ್ದಳು?"