ಸಾಹೇಬರ ಸ್ಕೂಟರಿನ ಸುರುಳಿ

ಎಂದಿನಂಥ ಸೋಮವಾರವೇ ಅದು. ಗಂಡ ಫಕೀರಪ್ಪ ತೀರಿದ ಮೇಲೆ ಗ್ಯಾರೇಜು ನಡೆಸುತ್ತಿದ್ದ ಗೌರವ್ವ, ನರ್ಸ್ ಸುಲೋಚನಾಬಾಯಿಯ ಸರ್ಕಾರಿ ಸ್ಕೂಟರನ್ನು ರಿಪೇರಿ ಮಾಡಿದ್ದಳು. ಎಂಜಿನಿನಲ್ಲಿ ಸ್ಪಾರ್ಕ್ ಪ್ಲಗ್ ಕೂರುವ ತೂತಿನ ಥ್ರೆಡ್, ಅಂದರೆ ತಿರುಪಿನ ಗೀರು, ಸವೆದಿತ್ತು. ಅವಳು ತೂತನ್ನು ಕೊಂಚ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಒಳಗೆ ತಂತಿಯ ಸುರುಳಿ ಕೂರಿಸಿದ್ದಳು. ಹಳೆಯ ಪ್ಲಗ್ಗೇ ಬಿಗಿಯಾಗಿ ಕೂತಿತ್ತು.

ಸರ್ಕಾರಿ ಬಂಡಿಗಳ ತಪಾಸಣೆಯ ಸಾಹೇಬರು ತಮ್ಮ ಸ್ಕೂಟರ್ ಏರಿ ಬಂದು, ರಿಪೇರಿಯ ಚೀಟಿ ಓದಿದರು.

"ತಂತಿ ತುರುಕಿದ ಬಂಡಿಗೆ ನಾನು ಸಹಿ ಹಾಕೂದಿಲ್ಲ. ಸುರುಳಿ ಕಿತ್ತುಹಾಕು. ಬಂಡಿ ಗುಜರಿಗೆ ಹೋಗ್ಲಿ."

"ಐದು ಹಳ್ಳಿ ಬಾಣಂತ್ಯಾರು ನನ್ನ ದಾರಿ ಕಾಯ್ತಾರ್ರೀ ಸಾಹೇಬ್ರ," ಎಂದಳು ಸುಲೋಚನಾಬಾಯಿ.

"ನಡಕೊಂಡು ಹೋಗವ್ವ. ಕಾಲಿಲ್ಲೇನು?"

ಗೌರವ್ವ ಒಳಗೆ ಹೋದಳು. ಸುರುಳಿ ಕೀಳುವ ಚೂಪು ಅಲಗು ತಂದಳು. ತಂದವಳು ಸಾಹೇಬರ ಸ್ಕೂಟರಿನ ಮುಂದೆ ಕೂತು ಪ್ಲಗ್ ಬಿಚ್ಚಿದಳು.

"ಏ, ಅದು ನಂದು!"

"ಗೊತ್ರೀ. ನಿಯಮ ದೊಡ್ಡವರಿಂದ ಶುರು ಆಗ್ಲಿ. ನಾಕು ವರ್ಷದ ಹಿಂದ ಪ್ಲಗ್ ಸಡ್ಲ ಅಂತ ಬಿಟ್ಟು ಹೋಗಿದ್ರಲ್ಲ, ಅವತ್ತು ಇದಕ್ಕೂ ಸುರುಳಿ ಬಿತ್ತು."

ಸಾಹೇಬರು ಬಗ್ಗಿ ಟಾರ್ಚ್ ಬಿಟ್ಟರು. ಒಳಗೆ ತಂತಿ ಮಿನುಗಿತು. ನಾಲ್ಕು ವರ್ಷ ಹೆಂಡತಿ ಮಕ್ಕಳನ್ನು ಅದರ ಮೇಲೇ ಕೂರಿಸಿಕೊಂಡು ತಿರುಗಿದ್ದರು.

"ಕೀಳ್ಲೇನ್ರೀ?" ಗೌರವ್ವ ಅಲಗನ್ನು ತೂತಿನ ಬಾಯಿಯವರೆಗೆ ತಂದು, ತಂತಿಗೆ ತಾಗಿಸದೆ ಹಿಡಿದಳು.

"ಬ್ಯಾಡವ್ವ, ಬ್ಯಾಡ! ಸಹಿ ಎಲ್ಲಿ ಹಾಕ್ಬೇಕು, ತೋರ್ಸು."

ಸುಲೋಚನಾಬಾಯಿಯ ಸ್ಕೂಟರ್ ಹಳ್ಳಿಯ ದಾರಿ ಹಿಡಿಯಿತು. ಗೌರವ್ವ ಪಾನಾ ಬದಿಗಿಟ್ಟು, ಸಾಹೇಬರ ಪ್ಲಗ್ಗನ್ನು ಬೆರಳಿನಿಂದಲೇ ಮೆಲ್ಲಗೆ ತಿರುಗಿಸಿ ಕೂರಿಸತೊಡಗಿದಳು.

ಫಕೀರಪ್ಪ ಹಾಕಿದ ಕೊನೆಯ ಸುರುಳಿ ಅದು.