ಮೊದಲ ಚೊಂಬು

ಹೆಸರು ಭೋಗಣ್ಣ. ಆದರೆ ಭೋಗವೆಂಬುದು ಆ ಮರಳುಗಾಡಿನಲ್ಲಿ ಮದ್ದಿಗೆ ಬೇಕೆಂದರೂ ಇರಲಿಲ್ಲ. ಇದ್ದದ್ದು ಒಂದು ಗುಡಿಸಲು, ಒಂದು ಬಾವಿ, ಗುರುಗಳಾದ ಅಡವಯ್ಯನವರು.

ಬೆಳಿಗ್ಗೆ ಸೇದಿದ ನೀರಿನಲ್ಲಿ ಮೊದಲ ಚೊಂಬು ಬಾವಿಯ ಪಕ್ಕದ ಕಲ್ಲುಬಾನಿಗೆ, ಹಕ್ಕಿಗಳ ಪಾಲಿಗೆ. ಆಮೇಲೆ ಮನುಷ್ಯರಿಗೆ. ಅದು ಗುರುಗಳ ಕಟ್ಟಳೆ, ಭೋಗಣ್ಣನ ಕೆಲಸ.

ಆ ವರ್ಷ ಇಬ್ಬರು ರಾಜರು ಅದೇ ಮರಳಿಗಾಗಿ ಕಾದಾಡತೊಡಗಿದರು. ಅದರಲ್ಲಿ ಅವರಿಗೇನು ಕಂಡಿತೋ ದೇವರೇ ಬಲ್ಲ. ಹಾದು ಹೋಗುವ ದಂಡು, ಶತ್ರುವಿಗೆ ನೀರು ಸಿಗಬಾರದೆಂದು, ಕಂಡ ಬಾವಿಗೆಲ್ಲ ಸತ್ತ ಒಂಟೆಯನ್ನು ನೂಕಿ ಹೋಗುತ್ತಿತ್ತು.

ಇತ್ತ ಬಾವಿಯ ನೀರೂ ಇಳಿಯಿತು. ದಿನಕ್ಕೆ ತಲೆಗೆ ಎರಡೇ ಚೊಂಬು.

"ಗುರುಗಳೇ, ಇಂಥ ಹೊತ್ತಿನಲ್ಲೂ ಹಕ್ಕಿಗೆಂದು ಚೆಲ್ಲಬೇಕೆ?" ಎಂದು ಕೇಳಿದ ಭೋಗಣ್ಣ.

"ಚೆಲ್ಲಿ ನೋಡು," ಎಂದರು ಅಡವಯ್ಯನವರು.

ಇದೆಂಥ ಉತ್ತರ! ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದುಕೊಂಡ ಭೋಗಣ್ಣ, ಅಂದಿನಿಂದ ಆ ಚೊಂಬನ್ನು ಗುಟ್ಟಾಗಿ ಚರ್ಮದ ಚೀಲಕ್ಕೆ ಸುರಿಯತೊಡಗಿದ. ಗುರುಗಳು ದಿನಾ ತಮ್ಮ ಪಾಲಿನ ಒಂದು ಚೊಂಬು ಹಿಡಿದು ಹೊರಗೆ ಹೋಗುತ್ತಿದ್ದರು. ಒಬ್ಬರೇ ಕೂತು ಕುಡಿಯುವ ಚಪಲವೇನೋ ಎಂದು ಅವನಿಗೆ ಒಳಗೊಳಗೇ ನಗು.

ಹದಿನೈದು ದಿನ ಕಳೆಯಿತು. ದಂಡು ಬರುತ್ತಿದೆಯೆಂದು ಒಂಟೆ ಕಾಯುವವನೊಬ್ಬ ಹೇಳಿ ಓಡಿದ.

ಭೋಗಣ್ಣ ಬಾವಿಯ ಬಾಯಿಗೆ ಹಲಗೆ ಹಾಸಿದ, ಕಲ್ಲುಬಾನಿಯನ್ನು ಬೋರಲು ಹಾಕಿದ, ಎಲ್ಲದರ ಮೇಲೂ ಮರಳೆಳೆದು ಅಂಗೈಯಿಂದ ಸವರಿದ. ಗುರುತೇನೆಂದು ಗುರುಗಳು ಕೇಳಿದರು. ಗುಡಿಸಲ ಬಾಗಿಲಿಂದ ನೇರವಾಗಿ ನಲವತ್ತು ಹೆಜ್ಜೆ ಎಂದು ಹೆಮ್ಮೆಯಿಂದ ಹೇಳಿದ. ಅಡವಯ್ಯನವರು ಗುಡಿಸಲನ್ನೊಮ್ಮೆ ನೋಡಿ ಹೊರಟರು.

ದೂರದ ದಿಬ್ಬದ ಮರೆಯಲ್ಲಿ ಮೂರು ದಿನ ಅಡಗಿದರು. ಚೀಲದ ನೀರೇ ಇಬ್ಬರ ಜೀವ ಹಿಡಿಯಿತು.

ಹಿಂದಿರುಗಿದರೆ ಬಾಗಿಲೆಲ್ಲಿ? ದಂಡು ಗುಡಿಸಲನ್ನು ಸುಟ್ಟಿತ್ತು, ಗಾಳಿ ಬೂದಿಯನ್ನೂ ಬಿಟ್ಟಿರಲಿಲ್ಲ. ತೋಡಿದ ಗುಂಡಿಗೆ ಬೀಳುವವರುಂಟು. ಭೋಗಣ್ಣ ಮುಚ್ಚಿದ ಗುಂಡಿಗೆ ಬಿದ್ದಿದ್ದ.

ಅಲ್ಲಿ ತೋಡಿದ, ಇಲ್ಲಿ ತೋಡಿದ. ಉಗುರು ಕಿತ್ತುಬಂತು. ಸಂಜೆಗೆ ಚೀಲವೂ ಬರಿದಾಯಿತು. ತನ್ನ ಜಾಣತನವೇ ಗುರುಗಳನ್ನು ಕೊಲ್ಲುತ್ತಿದೆಯೆಂದು ಅತ್ತ. ಅಳಲು ಕಣ್ಣಲ್ಲೂ ನೀರಿರಲಿಲ್ಲ.

ಬೆಳಕು ಹರಿಯುವಾಗ ಗೌಜಲಹಕ್ಕಿಗಳ ಹಿಂಡೊಂದು ಬಂದಿಳಿಯಿತು. ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಕಾಲಿಂದ ಮರಳು ಕೆದಕಿತು. ಭೋಗಣ್ಣ ಬಿದ್ದು ಎದ್ದು ಅಲ್ಲಿಗೆ ಓಡಿದ. ಮೊಣಕೈಯಾಳಕ್ಕೆ ಕಲ್ಲುಬಾನಿ ಸಿಕ್ಕಿತು, ಎತ್ತಿ ನೆಟ್ಟಗಿಟ್ಟ. ಅದರ ಪಕ್ಕದಲ್ಲೇ ಹಲಗೆ.

ನೀರು ಸೇದಿ ಮೊದಲ ಚೊಂಬನ್ನು ಗುರುಗಳಿಗೆ ಚಾಚಿದ. ಅವರು ಅದನ್ನು ಇಸಿದುಕೊಂಡು ಕಲ್ಲುಬಾನಿಗೆ ಸುರಿದರು.

ಭೋಗಣ್ಣನಿಗೆ ತಡೆಯಲಾಗಲಿಲ್ಲ. "ಗುರುಗಳೇ, ತಪ್ಪಾಯಿತು. ಹದಿನೈದು ದಿನ ನಾನು ಇವಕ್ಕೆ ಹನಿಯನ್ನೂ ಹಾಕಿರಲಿಲ್ಲ. ಮತ್ತೆ ಇವು ಯಾಕೆ ಬಂದವು?"

ಅಡವಯ್ಯನವರ ತುಟಿ ಬಿರಿದಿತ್ತು. ಆ ತುಟಿಯಲ್ಲೇ ನಕ್ಕರು.

"ನೀನು ಉಳಿಸಿದ್ದು ಮೂರು ದಿನಕ್ಕೆ ಸಾಕಾಯಿತಪ್ಪ. ನಾನು ಚೆಲ್ಲಿದ್ದು ಇನ್ನೂ ಮುಗಿದಿಲ್ಲ ನೋಡು."