ಅಟ್ಟ ಸೇರಿದ ದೊಣ್ಣೆ

"ಗುರುಗಳೇ, ಎರಡು ವರ್ಷ ಆಡಿ ಆಡಿ ಸಂಪಾದಿಸಿದ ನನ್ನ ಬಂದೂಕನ್ನು ನಿನ್ನೆ ಒಂದೇ ಏಟಿಗೆ ಆಟದಿಂದ ತೆಗೆದುಹಾಕಿದರು. ಇದು ಅನ್ಯಾಯವಲ್ಲವೇ?" ಎಂದು ಶಿಷ್ಯ ಕೇಳಿದ.

ಆಸೆ ಬಿಡುವುದು ಹೇಗೆಂದು ಗುರುಗಳು ಮೂರು ದಿನದಿಂದ ಪಾಠ ಹೇಳುತ್ತಿದ್ದರು. ಕೊನೆಗೆ ಬಂದ ಪ್ರಶ್ನೆ ಇದು. ಅವರಿಗೆ ಹಣೆ ಚಚ್ಚಿಕೊಳ್ಳುವಂತಾಯಿತು.

"ಯಾವ ಬಂದೂಕಪ್ಪಾ?"

ಮೊಬೈಲಿನಲ್ಲಿ ಆಡುವ ಯುದ್ಧದ ಆಟದ್ದು ಎಂದು ಶಿಷ್ಯ ವಿವರಿಸಿದ. ಆಟ ಹಳಸಬಾರದೆಂದು ಕಂಪನಿಯವರು ಆಗಾಗ ಹಳೆಯ ಆಯುಧಗಳನ್ನು ತೆಗೆದು ಹೊಸದನ್ನು ಕೊಡುತ್ತಾರಂತೆ. ಈ ಸಲ ಅವನ ಬಂದೂಕಿನ ಸರದಿ. "ಅದು ಕೈಯಲ್ಲಿದ್ದರೆ ನನ್ನನ್ನು ಸೋಲಿಸುವವರೇ ಇರಲಿಲ್ಲ. ನಾವು ಆರು ಜನ ಗೆಳೆಯರು ಸೇರಿ ಒಬ್ಬರಿಗೊಬ್ಬರು ಎದುರಾಗಿ ಆಡುತ್ತಿದ್ದೆವು. ಐವರೂ ಒಬ್ಬೊಬ್ಬರಾಗಿ ಆಟ ಬಿಟ್ಟು ಎದ್ದುಹೋದರು, ನಾನೊಬ್ಬನೇ ಉಳಿದೆ. ಅಂಥ ಬಂದೂಕು!" ಎಂದ.

ಗುರುಗಳು ಪುಸ್ತಕ ಮುಚ್ಚಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಗರಡಿಮನೆ. ಅಲ್ಲಿ ಕತ್ತಿವರಸೆ, ದೊಣ್ಣೆವರಸೆ ಕಲಿಸುತ್ತಿದ್ದರು. ಆಯುಧಪೂಜೆಯ ದಿನ ಎಲ್ಲ ಆಯುಧಗಳಿಗೂ ಪೂಜೆ ನಡೆಯುತ್ತಿತ್ತು. ಮರುದಿನ ವರಸೆ ಕಲಿಸುವ ಉಸ್ತಾದರು ಅವನ್ನು ಒಂದೊಂದಾಗಿ ಅವರವರ ಕೈಗೆ ಕೊಡುತ್ತಿದ್ದರು. ಆಯಾ ವರ್ಷ ಎಲ್ಲಕ್ಕಿಂತ ಹೆಚ್ಚು ಗೆದ್ದ ಆಯುಧವನ್ನು ಮಾತ್ರ ಕೊಡುತ್ತಿರಲಿಲ್ಲ. ಅದು ಕುಂಕುಮ ಹಚ್ಚಿಕೊಂಡು ಅಟ್ಟ ಸೇರುತ್ತಿತ್ತು. ಆ ಗರಡಿಯ ಪದ್ಧತಿಯೇ ಹಾಗೆ.

ಅಲ್ಲಿ ಒಬ್ಬ ವರಸೆಗಾರನಿದ್ದ. ಅವನದೊಂದು ಉದ್ದನೆಯ ಬಿದಿರು ದೊಣ್ಣೆ. ಆರು ವರ್ಷ ಎಣ್ಣೆ ಕುಡಿಸಿ ಹದ ಮಾಡಿ, ಏಳನೆಯ ವರ್ಷ ಅದನ್ನು ಕಣಕ್ಕಿಳಿಸಿದ. ಅದರ ಮುಂದೆ ಯಾರ ಆಟವೂ ನಡೆಯಲಿಲ್ಲ. ಕತ್ತಿಯವನು ಒಂದು ಹೆಜ್ಜೆ ಮುಂದಿಡುವ ಮೊದಲೇ ದೊಣ್ಣೆ ಅವನ ಮೊಣಕೈಗೆ ಬಡಿದಿರುತ್ತಿತ್ತು. ಚಿಕ್ಕಂದಿನಿಂದ ವರಸೆಗಾರನಿಗೆ ಜೋಡಿಯಾಗಿ ಆಡಿದವನೂ ಒಬ್ಬ ಕತ್ತಿಯವನೇ. ಒಂದು ದಿನ ಅವನು ಗರಡಿಗೆ ಬರುವುದನ್ನು ಬಿಟ್ಟ. ಗೆಲ್ಲುವ ಸಡಗರದಲ್ಲಿ ವರಸೆಗಾರನಿಗೆ ಅದು ಗೊತ್ತೇ ಆಗಲಿಲ್ಲ.

ಆಯುಧಪೂಜೆಯ ಮರುದಿನ ದೊಣ್ಣೆ ಅಟ್ಟಕ್ಕೆ ಹೋಯಿತು. ವರಸೆಗಾರನಿಗೆ ಪಿತ್ತ ನೆತ್ತಿಗೇರಿತು.

"ಉಸ್ತಾದ್, ಆರು ವರ್ಷ ಮಗುವಿನ ಹಾಗೆ ಸಾಕಿದ್ದೇನೆ. ಅದು ಮಾಡಿದ ತಪ್ಪಾದರೂ ಏನು?"

"ತಪ್ಪೇನೂ ಮಾಡಿಲ್ಲ. ಬೇಕಾದರೆ ಇಳಿಸಿಕೋ, ಏಣಿ ಅಲ್ಲೇ ಇದೆ. ಆದರೆ ಎದುರಿಗೆ ನಿಲ್ಲುವವನನ್ನು ನೀನೇ ಕರೆದುಕೊಂಡು ಬಾ."

ಅದೇನು ಮಹಾ ಎಂದುಕೊಂಡು ಅವನು ದೊಣ್ಣೆ ಇಳಿಸಿಕೊಂಡು ಹೊರಟ. ಮೊದಲನೆಯವನಿಗೆ ಭುಜ ನೋವು. ಎರಡನೆಯವನಿಗೆ ಕೈತುಂಬ ಕೆಲಸ. ಮೂರನೆಯವನು ಒಳಗೆ ಕುಳಿತುಕೊಂಡೇ, ತಾನು ಊರಲ್ಲಿಲ್ಲವೆಂದು ಹೆಂಡತಿಯಿಂದ ಹೇಳಿಸಿದ. ಊರೆಲ್ಲ ಸುತ್ತಿದರೂ ಒಬ್ಬನೂ ಸಿಗಲಿಲ್ಲ. ಹೇಡಿಗಳು, ಕೈಲಾಗದವರು ಎಂದು ಎಲ್ಲರನ್ನೂ ಬೈಯುತ್ತ ಕೊನೆಗೆ ತನ್ನ ಜೋಡಿಯವನ ಮನೆಗೆ ಬಂದ. ಇವನಾದರೂ ಬಂದೇ ಬರುತ್ತಾನೆಂಬ ನಂಬಿಕೆ ಅವನಿಗೆ.

ಜೋಡಿಯವನು ದೊಣ್ಣೆಯನ್ನೊಮ್ಮೆ ನೋಡಿದ. "ಅದನ್ನು ಅಟ್ಟದ ಮೇಲೆ ಇಟ್ಟು ಬಾ. ನಾಳೆ ಬೆಳಿಗ್ಗೆಯೇ ಬರುತ್ತೇನೆ. ನಾವಿಬ್ಬರೂ ಆಡಿ ಎಂಟು ತಿಂಗಳಾಯಿತು ಕಣೋ," ಎಂದ.

ಎಂಟು ತಿಂಗಳು! ವರಸೆಗಾರನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಗೊಣಗುತ್ತಲೇ ಏಣಿ ಹತ್ತಿ ದೊಣ್ಣೆ ಇಟ್ಟ. ಮರುದಿನ ಅಭ್ಯಾಸವಿಲ್ಲದ ಕತ್ತಿ ಹಿಡಿದು ಜೋಡಿಯವನ ಕೈಯಲ್ಲಿ ಮೂರು ಸಲ ಸೋತ. ಮಣಿಕಟ್ಟು ಊದಿಕೊಂಡಿತು. ಮನೆ ಮುಟ್ಟುವವರೆಗೂ ಉಸ್ತಾದರನ್ನೂ ಅವರ ಪದ್ಧತಿಯನ್ನೂ ಬೈದುಕೊಂಡ. ಮಾರನೆಯ ದಿನ ಗರಡಿಯ ಬಾಗಿಲು ತೆರೆಯುವ ಮೊದಲೇ ಬಂದು ಜಗಲಿಯ ಮೇಲೆ ಕುಳಿತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಏನೇ ಹೇಳಿ ಗುರುಗಳೇ, ಆರು ವರ್ಷದ ದೊಣ್ಣೆ ಹೋಯಿತಲ್ಲ!"

ಗುರುಗಳು ನಿಟ್ಟುಸಿರು ಬಿಟ್ಟು ಹೇಳಿದರು: "ನಿನ್ನೆ ಹೋದ ಬಂದೂಕಿಗೆ ಇವತ್ತೇ ನ್ಯಾಯ ಕೇಳುತ್ತಿದ್ದೀಯಲ್ಲ, ನಿನ್ನ ಆ ಐವರು ಗೆಳೆಯರು ಒಬ್ಬೊಬ್ಬರಾಗಿ ಎದ್ದುಹೋದಾಗ ಯಾಕಪ್ಪಾ ಕೇಳಲಿಲ್ಲ?"